ಅನುಕರಣೆ ಅಪಮಾನವಲ್ಲ: ಒಂದು ಹಾರುದೋಣಿ ಕಲಿಸುವ ಪಾಠ

"ಇದರಲ್ಲಿ ನಿನ್ನದೆಂಬುದು ಏನಿದೆ? ಇನ್ನೊಬ್ಬರು ಮಾಡಿದುದನ್ನು ನೋಡಿ ಮಾಡಿದುದಲ್ಲವೆ?" ಶಾಲೆ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಈ ಪ್ರಶ್ನೆಯು ಕಿವಿಗೆ ಬೀಳದೆ ಇರುವುದು ಅಪರೂಪ. ವಾರಗಟ್ಟಲೆ ಶ್ರಮಪಟ್ಟು ಒಂದು ಯಂತ್ರದ ಮಾದರಿಯನ್ನು ಕಟ್ಟಿ ತಂದ ವಿದ್ಯಾರ್ಥಿಯ ಮುಖವು ಈ ಒಂದು ಮಾತಿನಿಂದ ಬಾಡಿಹೋಗುತ್ತದೆ. ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ನಮ್ಮ ದೇಶದ ಕಾರ್ಖಾನೆಗಳಿಗೂ ಕೇಳುವುದುಂಟು. ಪರದೇಶದ ನಕ್ಷೆಯಂತೆ ಇಲ್ಲಿ ತಯಾರಾದ ಯಂತ್ರವೊಂದು ಹೊರಬಂದೊಡನೆ "ಇದು ಬರಿಯ ನಕಲು" ಎಂದು ಮೂಗು ಮುರಿಯುವವರು ಒಂದು ಕಡೆ. "ನಕಲಾದರೇನು, ಕೆಲಸ ನಡೆದರಾಯಿತು" ಎಂದು ತೃಪ್ತರಾಗುವವರು ಇನ್ನೊಂದು ಕಡೆ. ಈ ಎರಡು ಮಾತುಗಳೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಅಭಿಪ್ರಾಯವನ್ನು ಹೇಳಿದರೆ ಸಾಲದು, ಅದಕ್ಕೆ ಆಧಾರವನ್ನೂ ಕೊಡಬೇಕು. ಅದಕ್ಕಾಗಿ ವಾಚಕರನ್ನು ಒಂದು ಶತಮಾನಕ್ಕೂ ಹಿಂದಿನ ಏಡ್ರಿಯಾಟಿಕ್ ಸಮುದ್ರದ ತೀರಕ್ಕೆ ಕರೆದೊಯ್ಯುತ್ತೇವೆ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ಒಂದು ಕಾರ್ಖಾನೆಯು ಶತ್ರುವಿನ ವಿಮಾನವೊಂದನ್ನು ಅಕ್ಷರಶಃ ನಕಲುಮಾಡಿತು. ಎರಡು ವರ್ಷ ಕಳೆಯುವುದರೊಳಗೆ ಅದೇ ಕಾರ್ಖಾನೆಯು ಆ ನಕಲಿನಿಂದ ಹೊರಟು, ನೀರಿನ ಮೇಲಿನಿಂದ ಏಳುವ ಕಾದಾಟದ ವಿಮಾನಗಳಲ್ಲೆಲ್ಲ ಅಗ್ರಗಣ್ಯವಾದ ಒಂದನ್ನು ನಿರ್ಮಿಸಿತು. ಆ ವಿಮಾನದ ಹೆಸರು ಮಾಕ್ಕಿ ಎಂ. ೫. ಅದು ಹೇಗೆ ಹುಟ್ಟಿತೆಂಬುದನ್ನು ತಿಳಿದರೆ, ಅನುಕರಣೆಯಲ್ಲಿ ಯಾವುದು ಹೀನವಾದುದು, ಯಾವುದು ಶ್ರೇಷ್ಠವಾದುದು ಎಂಬುದು ತಾನಾಗಿಯೇ ಸ್ಪಷ್ಟವಾಗುವುದು.

ಹಾರುದೋಣಿ ಎಂದರೇನು?

ನೀರಿನಿಂದ ಏಳುವ ವಿಮಾನಗಳಲ್ಲಿ ಎರಡು ಬಗೆಗಳುಂಟು. ಸಾಧಾರಣ ವಿಮಾನದ ಚಕ್ರಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ತೇಲುವ ಪೆಟ್ಟಿಗೆಗಳನ್ನು ಕಟ್ಟಿದರೆ ಅದು ಒಂದು ಬಗೆ. ವಿಮಾನದ ಒಡಲನ್ನೇ ದೋಣಿಯ ಆಕಾರದಲ್ಲಿ ಮಾಡಿ, ಅದರ ಮೇಲೆ ರೆಕ್ಕೆಗಳನ್ನೂ ಎಂಜಿನನ್ನೂ ಏರಿಸಿದರೆ ಅದು ಎರಡನೆಯ ಬಗೆ, ಅದೇ ಹಾರುದೋಣಿ. ಫ್ರಾನ್ಸಿನ ಆನ್ರಿ ಫಾಬ್ರ್ ಎಂಬವನು ೧೯೧೦ನೆಯ ಮಾರ್ಚಿ ೨೮ರಂದು ಮೊಟ್ಟಮೊದಲು ನೀರಿನ ಮೇಲಿನಿಂದ ಸ್ವಶಕ್ತಿಯಿಂದ ಮೇಲೆದ್ದನು. ಅವನದು ಮೊದಲನೆಯ ಬಗೆಯದು. ಎರಡನೆಯ ಬಗೆಯನ್ನು ೧೯೧೨ರಲ್ಲಿ ಬಳಕೆಗೆ ತಂದವನು ಅಮೆರಿಕದ ಗ್ಲೆನ್ ಕರ್ಟಿಸ್.

ದೋಣಿಗೆ ರೆಕ್ಕೆ ಕಟ್ಟಿದ ಮಾತ್ರಕ್ಕೆ ಅದು ಹಾರಲಾರದು. ನೀರಿನ ಸಾಂದ್ರತೆಯು ಗಾಳಿಯ ಸಾಂದ್ರತೆಗಿಂತ ಸುಮಾರು ೮೦೦ ಪಾಲು ಹೆಚ್ಚು. ದೋಣಿಯು ವೇಗವಾಗಿ ಓಡತೊಡಗಿದಂತೆ ನೀರಿನ ಪ್ರತಿರೋಧವು ಬೇಗಬೇಗನೆ ಏರುತ್ತದೆ. ಒಂದು ಹಂತವನ್ನು ದಾಟಿದ ಮೇಲೆ ದೋಣಿಯ ತಳವು ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೆ ಜಾರತೊಡಗುತ್ತದೆ. ಕೆರೆಯ ನೀರಿನ ಮೇಲೆ ಹುಡುಗರು ಎಸೆದ ಚಪ್ಪಟೆಯ ಬಿಲ್ಲೆಕಲ್ಲು ಕುಪ್ಪಳಿಸುತ್ತ ಹೋಗುವುದನ್ನು ಎಲ್ಲರೂ ನೋಡಿದ್ದೇವಷ್ಟೆ. ಆದರೆ ತಳವು ಉದ್ದಕ್ಕೂ ನುಣುಪಾಗಿದ್ದರೆ ನೀರು ಹಿಂಭಾಗಕ್ಕೆ ಅಂಟಿಕೊಂಡು ಅದನ್ನು ಕೆಳಕ್ಕೆ ಹೀರುತ್ತದೆ. ಮೂಗನ್ನು ಮೇಲೆತ್ತಲು ಬಿಡುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಬಹು ಸರಳವಾದುದು. ತಳದ ನಡುವೆ ಒಂದು ಮೆಟ್ಟಿಲನ್ನು ಮಾಡಿದರು. ಮೆಟ್ಟಿಲಿನ ಅಂಚಿನಲ್ಲಿ ನೀರಿನ ಪ್ರವಾಹವು ಕಡಿದುಹೋಗುತ್ತದೆ; ಗಾಳಿಯು ಒಳನುಗ್ಗುತ್ತದೆ; ಹಿಂಭಾಗವು ಬಿಡುಗಡೆ ಹೊಂದುತ್ತದೆ. ಆ ಮೇಲೆ ವೈಮಾನಿಕನು ಮೂಗನ್ನು ಎತ್ತಿ ನೀರನ್ನು ತೊರೆಯಬಹುದು. ಕೆಲವೇ ಅಂಗುಲಗಳ ಈ ಮೆಟ್ಟಿಲನ್ನು ಎಲ್ಲಿ ಇಡಬೇಕು, ಎಷ್ಟು ಎತ್ತರವಿಡಬೇಕು ಎಂಬುದರಲ್ಲಿಯೇ ಹಾರುದೋಣಿಯ ರಹಸ್ಯದ ಬಹುಭಾಗವು ಅಡಗಿತ್ತು.

ಶತ್ರುವಿನ ದೋಣಿ ಕೈಸೇರಿದ ಬಗೆ

೧೯೧೫ನೆಯ ಮೇ ೨೩ರಂದು ಇಟಲಿಯು ಆಸ್ಟ್ರಿಯಾ-ಹಂಗೆರಿಯ ಮೇಲೆ ಯುದ್ಧವನ್ನು ಸಾರಿತು. ಈ ಎರಡು ರಾಜ್ಯಗಳ ನಡುವೆ ಏಡ್ರಿಯಾಟಿಕ್ ಸಮುದ್ರವು ಕಿರಿದಾದ ಕೊಲ್ಲಿಯಂತೆ ಹರಡಿದೆ. ಪೂರ್ವದ ದಡದಲ್ಲಿ ದ್ವೀಪಗಳೂ ಆಳವಾದ ರೇವುಗಳೂ ಹೇರಳ; ಅಲ್ಲಿನ ಪೋಲಾ ಬಂದರು ಆಸ್ಟ್ರಿಯಾದ ನೌಕಾಬಲದ ಮುಖ್ಯ ನೆಲೆ. ಇಂದು ಅದು ಕ್ರೊಯೇಷಿಯಾ ದೇಶದ ಪುಲಾ ನಗರ. ಪಶ್ಚಿಮದ ಇಟಲಿಯ ದಡವಾದರೋ ತಗ್ಗಾದ ಮರಳು ತೀರ. ಪೋಲಾದಿಂದ ವೆನಿಸ್ ನಗರಕ್ಕೆ ಆಕಾಶಮಾರ್ಗದಲ್ಲಿ ಸುಮಾರು ೧೩೦ ಕಿ.ಮೀ. ಮಾತ್ರ. ಇಂಥ ಸಮುದ್ರದಲ್ಲಿ ಹಾರುದೋಣಿಗಿಂತ ಉಪಯುಕ್ತವಾದ ಆಯುಧವು ಆ ಕಾಲದಲ್ಲಿ ಇರಲಿಲ್ಲ. ನೆಲದ ಮೇಲೆ ವಿಮಾನನಿಲ್ದಾಣವು ಬೇಡ. ಅಲೆಗಳಿಲ್ಲದ ಒಂದು ರೇವಿದ್ದರೆ ಸಾಕು. ಎಂಜಿನು ಕೆಟ್ಟರೆ ಸಮುದ್ರವೇ ಇಳಿದಾಣ.

ಈ ವಿಷಯದಲ್ಲಿ ಆಸ್ಟ್ರಿಯಾದವರು ಮುಂದಿದ್ದರು. ವಿಯೆನ್ನಾ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸಿ ಹೆಸರಾಗಿದ್ದ ಲೋನರ್ ಎಂಬ ಸಂಸ್ಥೆಯು ವಿಮಾನಗಳ ಕೆಲಸಕ್ಕೆ ಕೈಹಾಕಿ, ಎಲ್ ಎಂಬ ಮಾದರಿಯ ಸೊಗಸಾದ ಹಾರುದೋಣಿಯನ್ನು ಮಾಡಿತ್ತು. ಉದ್ದವಾದ ಮರದ ಒಡಲು, ಹಿಂದಕ್ಕೆ ಓರೆಯಾಗಿ ಬಾಗಿದ ಎರಡು ಅಂತಸ್ತಿನ ರೆಕ್ಕೆಗಳು, ಅವುಗಳ ನಡುವೆ ಎತ್ತರದಲ್ಲಿ ಹಿಮ್ಮುಖವಾಗಿ ನಿಲ್ಲಿಸಿದ ಎಂಜಿನು, ಒಡಲಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು: ಇದು ಅದರ ರೂಪ. ಗಂಟೆಗೆ ೧೦೫ ಕಿ.ಮೀ. ಆಸುಪಾಸಿನ ವೇಗ. ನೋಡಿಬರುವುದಕ್ಕೂ ಸಣ್ಣ ಬಾಂಬುಗಳನ್ನು ಹಾಕುವುದಕ್ಕೂ ಅದು ಸಾಕಾಗಿತ್ತು.

ಯುದ್ಧವು ಆರಂಭವಾಗಿ ನಾಲ್ಕೇ ದಿನಗಳಾಗಿದ್ದುವು. ಮೇ ೨೭ರಂದು ರವೆನ್ನಾ ನಗರದ ಬಳಿಯ ಪೋರ್ಟೊ ಕೋರ್ಸಿನಿಯಲ್ಲಿ ಎಲ್. ೪೦ ಎಂಬ ಅಂಕಿತದ ಲೋನರ್ ಹಾರುದೋಣಿಯೊಂದು ಇಡಿಯಾಗಿ ಇಟಲಿಯವರ ವಶವಾಯಿತು. ಅದನ್ನು ಪ್ರದರ್ಶನಕ್ಕಿಟ್ಟು ಜಯಘೋಷ ಮಾಡಬಹುದಾಗಿತ್ತು. ಇಟಲಿಯ ನೌಕಾಬಲದವರು ಹಾಗೆ ಮಾಡಲಿಲ್ಲ. ಅದನ್ನು ವರೇಸೆ ಎಂಬ ಊರಿನ ಮಾಕ್ಕಿ ಕಾರ್ಖಾನೆಗೆ ಕಳುಹಿಸಿ, ಇದರಂತೆಯೇ ಇನ್ನೊಂದನ್ನು ಮಾಡಿಕೊಡಿರೆಂದು ಕೇಳಿದರು. ಸುಮಾರು ಒಂದು ತಿಂಗಳ ಅವಧಿಯಲ್ಲಿ ನಕಲು ಸಿದ್ಧವಾಯಿತು. ಅದಕ್ಕೆ ಎಲ್. ೧ ಎಂದು ಹೆಸರಿಟ್ಟರು. ಲೋನರ್ ಎಂಬ ಹೆಸರಿನ ಮೊದಲಕ್ಷರವನ್ನೇ ಉಳಿಸಿಕೊಂಡದ್ದು ಅವರ ಪ್ರಾಮಾಣಿಕತೆಯ ಗುರುತೆಂದು ನಾವು ಭಾವಿಸಬಹುದು.

ಒಂದು ತಿಂಗಳಲ್ಲಿ ಸಾಧ್ಯವಾದುದೇಕೆ?

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಂದು ವಿಮಾನವನ್ನು ಕಣ್ಣಮುಂದೆ ಇಟ್ಟುಕೊಂಡರೆ ಯಾರು ಬೇಕಾದರೂ ಒಂದು ತಿಂಗಳಲ್ಲಿ ಇನ್ನೊಂದನ್ನು ಮಾಡಬಲ್ಲರೆ? ಖಂಡಿತವಾಗಿ ಮಾಡಲಾರರು. ನಕಲು ಮಾಡುವುದಕ್ಕೂ ಯೋಗ್ಯತೆ ಬೇಕು. ಮಾಕ್ಕಿ ಕಾರ್ಖಾನೆಗೆ ಆ ಯೋಗ್ಯತೆಯು ಎರಡು ಕಾರಣಗಳಿಂದ ಬಂದಿತ್ತು.

ಮೊದಲನೆಯದು, ಕೈಯ ಪಳಗು. ಜೂಲಿಯೊ ಮಾಕ್ಕಿಯು ಫ್ರಾನ್ಸಿನ ನ್ಯೂಪೋರ್ ಸಂಸ್ಥೆಯ ಒಪ್ಪಿಗೆಯನ್ನು ಪಡೆದು, ಅದರ ವಿಮಾನಗಳನ್ನು ಇಟಲಿಯಲ್ಲಿ ಕಟ್ಟುವುದಕ್ಕಾಗಿ ೧೯೧೩ರಲ್ಲಿ ತನ್ನ ವಿಮಾನಸಂಸ್ಥೆಯನ್ನು ಆರಂಭಿಸಿದ್ದನು. ಅಲ್ಲಿನ ಬಡಗಿಗಳು, ಬಟ್ಟೆ ಹೊದಿಸುವವರು, ತಂತಿ ಬಿಗಿಯುವವರು ಇವರೆಲ್ಲರೂ ಪರರ ನಕ್ಷೆಯನ್ನು ಓದಿ ಅದರಂತೆ ಕೆಲಸ ಮಾಡುವುದರಲ್ಲಿ ಆಗಲೇ ಪಳಗಿದ್ದರು. ಎರಡನೆಯದು, ಎಂಜಿನು. ಇಟಲಿಯಲ್ಲಿ ಇಸೊಟ್ಟಾ ಫ್ರಾಸ್ಕಿನಿ ಎಂಬ ಸಂಸ್ಥೆಯು ೧೫೦ ಅಶ್ವಶಕ್ತಿಯ ಎಂಜಿನನ್ನು ತಯಾರಿಸುತ್ತಿತ್ತು. ಆದುದರಿಂದ ಶತ್ರುವಿನ ಎಂಜಿನನ್ನು ನಕಲು ಮಾಡಬೇಕಾದ ತೊಡಕು ಬರಲಿಲ್ಲ. ಒಡಲು ಪರರದಾದರೂ ಹೃದಯವು ತಮ್ಮದೇ ಆಗಿತ್ತು. ಈ ಎರಡನೆಯ ಕಾರಣವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದಕ್ಕೆ ಮರಳಿ ಬರುವೆವು.

ನಕಲಿನಿಂದ ಸ್ವಂತದ ಕಡೆಗೆ

ಎಲ್. ೧ ಸಿದ್ಧವಾದ ಮೇಲೆ ಅದನ್ನೇ ಯುದ್ಧ ಮುಗಿಯುವವರೆಗೂ ಮಾಡುತ್ತ ಹೋಗಿದ್ದರೆ ಮಾಕ್ಕಿಯ ಹೆಸರನ್ನು ಇಂದು ಯಾರೂ ಹೇಳುತ್ತಿರಲಿಲ್ಲ. ಅವರು ಅಲ್ಲಿಗೆ ನಿಲ್ಲಲಿಲ್ಲ. ೧೯೧೬ರಲ್ಲಿ ಎಲ್. ೨ ಬಂದಿತು. ರೆಕ್ಕೆಯ ಅಗಲವನ್ನು ಕುಗ್ಗಿಸಿದರು, ತೂಕವನ್ನು ಇಳಿಸಿದರು, ೧೬೦ ಅಶ್ವಶಕ್ತಿಯ ಎಂಜಿನನ್ನು ಕೂಡಿಸಿದರು. ಅದೇ ವರ್ಷ ಎಲ್. ೩ ಬಂದಿತು. ಅದರ ಒಡಲು ಲೋನರ್‌ನ ಒಡಲಲ್ಲ, ಹೊಸದಾಗಿ ಚಿತ್ರಿಸಿದ್ದು. ವೇಗವು ಗಂಟೆಗೆ ೧೪೫ ಕಿ.ಮೀ.ಗೆ ಏರಿತು. ೧೯೧೬ರ ಅಕ್ಟೋಬರಿನಲ್ಲಿ ಅದು ೪೧ ನಿಮಿಷಗಳಲ್ಲಿ ೫,೪೦೦ ಮೀಟರು ಎತ್ತರಕ್ಕೆ ಏರಿ ಜಲವಿಮಾನಗಳಲ್ಲಿ ದಾಖಲೆಯನ್ನು ಸ್ಥಾಪಿಸಿತು. ಬಳಿಕ ಅದರ ಹೆಸರಿನಲ್ಲಿಯೂ ಬದಲಾವಣೆಯಾಯಿತು: ಎಲ್. ೩ ಹೋಗಿ ಎಂ. ೩ ಆಯಿತು. ಲೋನರ್‌ನ ಅಕ್ಷರವು ಹೋಗಿ ಮಾಕ್ಕಿಯ ಅಕ್ಷರವು ಬಂದಿತು. ಹೆಸರನ್ನು ಬದಲಿಸುವ ಹಕ್ಕು ಅವರಿಗೆ ಆ ವೇಳೆಗೆ ದೊರೆತಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಅಷ್ಟರಲ್ಲಿ ಯುದ್ಧದ ಸ್ವರೂಪವೂ ಬದಲಾಗಿತ್ತು. ಎರಡು ಕಡೆಯ ಹಾರುದೋಣಿಗಳೂ ಆಕಾಶದಲ್ಲಿ ಎದುರುಬದುರಾಗತೊಡಗಿದುವು. ಆಸ್ಟ್ರಿಯಾದವರಿಗಾಗಿ ಅರ್ನ್‌ಸ್ಟ್ ಹೈಂಕೆಲ್ ಎಂಬ ಎಂಜಿನಿಯರು ಹಂಸಾ-ಬ್ರಾಂಡೆನ್‌ಬುರ್ಗ್ ಕಾರ್ಖಾನೆಯಲ್ಲಿ ಸಿ.ಸಿ. ಎಂಬ ಒಂಟಿ ಆಸನದ ಕಾದಾಟದ ಹಾರುದೋಣಿಯನ್ನು ೧೯೧೬ರಲ್ಲಿ ನಿರ್ಮಿಸಿಕೊಟ್ಟನು. ಸಂಸ್ಥೆಯ ಒಡೆಯನಾದ ಕಮಿಲ್ಲೊ ಕಾಸ್ಟಿಲ್ಯೋನಿಯ ಹೆಸರಿನ ಮೊದಲಕ್ಷರಗಳೇ ಆ ಸಿ.ಸಿ. ಇದರ ರೆಕ್ಕೆಗಳ ನಡುವಣ ಕಂಬಗಳು ನಕ್ಷತ್ರದ ಕಿರಣಗಳಂತೆ ಒಂದೆಡೆ ಕೂಡುತ್ತಿದ್ದುವು. ತಂತಿಗಳ ಜಾಲವನ್ನು ಕಡಿಮೆ ಮಾಡುವುದು ಅದರ ಉದ್ದೇಶ. ಟ್ರಿಯೆಸ್ಟ್ ನೆಲೆಯ ನಾಯಕನಾಗಿದ್ದ ಗೊಟ್‌ಫ್ರೀಡ್ ಬಾನ್‌ಫೀಲ್ಡ್ ಇಂಥ ಹಾರುದೋಣಿಗಳಲ್ಲಿ ಹೋರಾಡಿ 'ಟ್ರಿಯೆಸ್ಟಿನ ಹದ್ದು' ಎಂದು ಪ್ರಸಿದ್ಧನಾದನು. ಇದಕ್ಕೆ ಇಟಲಿಯ ಉತ್ತರವೇ ೧೯೧೭ರ ಎಂ. ೫.

ಎಂ. ೫ರಲ್ಲಿ ಮಾಕ್ಕಿಯವರ ವಿವೇಕವು ಚೆನ್ನಾಗಿ ಕಾಣುತ್ತದೆ. ಹಾರುದೋಣಿಯ ಒಟ್ಟು ವಿನ್ಯಾಸವು ಲೋನರ್‌ನಿಂದ ಬಂದುದು. ರೆಕ್ಕೆಗಳ ವಿನ್ಯಾಸವು ನ್ಯೂಪೋರ್‌ನಿಂದ ಬಂದುದು: ಮೇಲಿನ ರೆಕ್ಕೆ ಅಗಲ, ಕೆಳಗಿನದು ಕಿರಿದು, ಎರಡನ್ನೂ ಇಂಗ್ಲಿಷಿನ 'ವಿ' ಅಕ್ಷರದಾಕಾರದ ಕಂಬಗಳು ಕೂಡಿಸುತ್ತವೆ. ಕೆಳರೆಕ್ಕೆಯು ಕಿರಿದಾದುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯು ಕಡಿಮೆ, ಗಾಳಿಯ ಪ್ರತಿರೋಧವೂ ಕಡಿಮೆ. ಎಂಜಿನು ತಮ್ಮ ದೇಶದ್ದೇ ಆದ ಇಸೊಟ್ಟಾ ಫ್ರಾಸ್ಕಿನಿ, ೧೬೦ ಅಶ್ವಶಕ್ತಿಯದು. ಹೀಗೆ ಆಸ್ಟ್ರಿಯಾದ ಕಲ್ಪನೆ, ಫ್ರಾನ್ಸಿನ ರೆಕ್ಕೆ, ಇಟಲಿಯ ಹೃದಯ ಇವು ಮೂರೂ ಒಂದೇ ಯಂತ್ರದಲ್ಲಿ ಸೇರಿದುವು. ಬಿಡಿಬಿಡಿಯಾಗಿ ನೋಡಿದರೆ ಒಂದೂ ಅಪೂರ್ವವಲ್ಲ. ಒಟ್ಟಾಗಿ ನೋಡಿದರೆ ಅಂಥದು ಹಿಂದೆ ಇರಲಿಲ್ಲ. ಗಂಟೆಗೆ ೧೮೯ ಕಿ.ಮೀ. ವೇಗ, ಮೂಗಿನಲ್ಲಿ ಎರಡು ಮೆಷಿನ್ ಗನ್ನುಗಳು. ಯುದ್ಧವು ಮುಗಿಯುವ ವೇಳೆಗೆ ೨೦೦ಕ್ಕೂ ಮಿಕ್ಕಿ ಎಂ. ೫ಗಳು ತಯಾರಾಗಿದ್ದುವು.

ದೋಣಿಯ ಭಾರವನ್ನು ಹೊತ್ತ ವಿಮಾನವು ನೆಲದ ವಿಮಾನಗಳ ಸರಿಸಮಕ್ಕೆ ಹೇಗೆ ಹಾರಿತು? ಇದಕ್ಕೆ ಪವಾಡವೇನೂ ಕಾರಣವಲ್ಲ. ಗಾಳಿಯನ್ನು ನೂಕುವ ಪ್ರೊಪೆಲರು ಹಿಂದಿದ್ದುದರಿಂದ ಮೂಗು ಬರಿದಾಗಿತ್ತು. ಮುಂದೆ ಪ್ರೊಪೆಲರು ಇರುವ ವಿಮಾನಗಳಲ್ಲಿ ಗುಂಡುಗಳು ಅದರ ಅಲಗುಗಳಿಗೆ ತಾಗದಂತೆ ನಿಯಂತ್ರಿಸುವ ಒಂದು ಯಂತ್ರಸಾಧನವು ಬೇಕಾಗುತ್ತಿತ್ತು. ಹಾರುದೋಣಿಗೆ ಅದರ ಗೊಡವೆಯೇ ಇರಲಿಲ್ಲ. ನೇರವಾಗಿ ಮುಂದಕ್ಕೆ ಗುಂಡು ಹಾರಿಸಬಹುದಾಗಿತ್ತು. ವೈಮಾನಿಕನ ಮುಂದಿನ ನೋಟಕ್ಕೂ ಯಾವ ಅಡ್ಡಿಯೂ ಇರಲಿಲ್ಲ.

ಆದರೆ ಪ್ರಕೃತಿಯು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ನೀರಿನ ತುಂತುರಿನಿಂದ ರಕ್ಷಿಸಲು ಎಂಜಿನನ್ನು ಎತ್ತರದಲ್ಲಿ ಇಡಬೇಕಾಯಿತು. ಆಗ ಪ್ರೊಪೆಲರಿನ ನೂಕು ವಿಮಾನದ ಗುರುತ್ವಕೇಂದ್ರಕ್ಕಿಂತ ಮೇಲ್ಗಡೆ ಹಾಯುತ್ತದೆ. ಎಂಜಿನಿನ ಶಕ್ತಿಯನ್ನು ಹೆಚ್ಚಿಸಿದರೆ ಮೂಗು ಕೆಳಕ್ಕೆ ಬಾಗುತ್ತದೆ, ತಗ್ಗಿಸಿದರೆ ಮೇಲಕ್ಕೇಳುತ್ತದೆ. ನೆಲದ ವಿಮಾನದಲ್ಲಿ ಕಲಿತವನಿಗೆ ಇದು ಅಪರಿಚಿತವಾದ ವರ್ತನೆ. ಅಪಘಾತವಾದರೆ ಎತ್ತರದಲ್ಲಿದ್ದ ಎಂಜಿನು ವೈಮಾನಿಕನ ಮೇಲೆಯೇ ಕುಸಿಯುವ ಭಯವೂ ಇತ್ತು. ಮರದ ಒಡಲು ನೀರನ್ನು ಹೀರಿಕೊಂಡು ದಿನೇ ದಿನೇ ಭಾರವಾಗುತ್ತಿತ್ತು. ಈ ತೊಡಕುಗಳನ್ನೆಲ್ಲ ತೂಗಿ ನೋಡಿ, ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂದು ನಿರ್ಧರಿಸುವುದೇ ಎಂಜಿನಿಯರನ ವಿದ್ಯೆ. ಆ ವಿದ್ಯೆಯನ್ನು ನಕಲು ಮಾಡಲಾಗದು.

ಒಂದು ಸಾಹಸ, ಒಂದು ಮುಕ್ತಾಯ

ಈ ವಿಮಾನದ ಗುಣವನ್ನು ತೋರಿಸುವ ಒಂದು ಘಟನೆಯನ್ನು ಹೇಳದೆ ಮುಂದುವರಿಯಲಾಗದು. ೧೯೧೮ನೆಯ ಆಗಸ್ಟ್ ೨೧ರಂದು ಅಮೆರಿಕದ ನೌಕಾಬಲದ ವೈಮಾನಿಕರು ಇಟಲಿಯ ಎಂ. ೫ಗಳಲ್ಲಿ ಪೋಲಾದ ಮೇಲೆ ಹಾರುತ್ತಿದ್ದರು. ಕಾದಾಟದಲ್ಲಿ ಜಾರ್ಜ್ ಲಡ್ಲೊ ಎಂಬವನ ಹಾರುದೋಣಿಯು ಪೆಟ್ಟು ತಿಂದು, ಶತ್ರುವಿನ ಬಂದರಿನ ಸಮೀಪದಲ್ಲಿಯೇ ಸಮುದ್ರಕ್ಕೆ ಇಳಿಯಿತು. ಚಾರ್ಲ್ಸ್ ಹ್ಯಾಮನ್ ಎಂಬ ಅವನ ಸಂಗಡಿಗನು ತನ್ನ ಹಾರುದೋಣಿಯನ್ನು ಅವನ ಪಕ್ಕದಲ್ಲಿ ಇಳಿಸಿದನು. ಅದರಲ್ಲಿದ್ದುದು ಒಬ್ಬನಿಗೆ ಮಾತ್ರ ಸ್ಥಳ. ಲಡ್ಲೊ ಹಿಂಭಾಗದಲ್ಲಿ ಎಂಜಿನಿನ ಕೆಳಗೆ ಕಂಬಗಳನ್ನು ತಬ್ಬಿಕೊಂಡು ಕುಳಿತನು. ಮೂಗಿನ ಭಾಗ ಜಖಂಗೊಂಡಿದ್ದರೂ ಆ ಭಾರವನ್ನು ಹೊತ್ತು ವಿಮಾನವು ನೀರಿನಿಂದ ಎದ್ದಿತು, ಏಡ್ರಿಯಾಟಿಕ್ ಸಮುದ್ರವನ್ನು ದಾಟಿ ಪೋರ್ಟೊ ಕೋರ್ಸಿನಿಯನ್ನು ತಲುಪಿತು. ಇಳಿಯುವಾಗ ಹಾರುದೋಣಿಯು ಮಗುಚಿ ಮುಳುಗಿದರೂ ಇಬ್ಬರೂ ಬದುಕಿದರು. ಹ್ಯಾಮನ್‌ನಿಗೆ ಅಮೆರಿಕದ ಅತ್ಯುನ್ನತ ಶೌರ್ಯಪದಕವು ದೊರೆಯಿತು. ಮರುವರ್ಷವೇ, ೧೯೧೯ರ ಜೂನ್ ತಿಂಗಳಲ್ಲಿ, ಮತ್ತೊಂದು ಎಂ. ೫ರ ಅಪಘಾತದಲ್ಲಿ ಅವನು ಮಡಿದನು.

ಪೋರ್ಟೊ ಕೋರ್ಸಿನಿ ಎಂಬ ಹೆಸರು ವಾಚಕರಿಗೆ ನೆನಪಿದೆಯಷ್ಟೆ. ಮೂರು ವರ್ಷಗಳ ಹಿಂದೆ ಲೋನರ್ ದೋಣಿಯು ಸೆರೆಸಿಕ್ಕಿದುದೂ ಅದೇ ಸ್ಥಳದಲ್ಲಿ. ಕೊಲ್ಲುವುದಕ್ಕಾಗಿ ಮಾಡಿದ ಯಂತ್ರವು ಆ ದಿನ ಒಂದು ಪ್ರಾಣವನ್ನು ಉಳಿಸಿತು. ನೆಲದ ವಿಮಾನವಾಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಆದರೂ ಕಾದಾಟದ ಹಾರುದೋಣಿಗೆ ದೀರ್ಘಾಯುಷ್ಯವಿರಲಿಲ್ಲ. ೧೯೧೭ನೆಯ ಆಗಸ್ಟ್ ೨ರಂದು ಇಂಗ್ಲೆಂಡಿನ ಡನಿಂಗ್ ಎಂಬ ವೈಮಾನಿಕನು ಚಲಿಸುತ್ತಿದ್ದ 'ಫ್ಯೂರಿಯಸ್' ಹಡಗಿನ ಮೇಲೆ ಚಕ್ರಗಳ ವಿಮಾನವನ್ನು ಇಳಿಸಿ ತೋರಿಸಿದನು. ನೆಲದ ವಿಮಾನವನ್ನೇ ಹಡಗಿನಿಂದ ಹಾರಿಸಬಹುದಾದರೆ ದೋಣಿಯ ಭಾರವನ್ನು ಆಕಾಶಕ್ಕೆ ಹೊತ್ತೊಯ್ಯುವುದು ಏತಕ್ಕೆ? ಇಂಗ್ಲೆಂಡಿನ ಸೂಪರ್‌ಮರೀನ್ ಕಾರ್ಖಾನೆಯು ೧೯೧೮ರಲ್ಲಿ ಹಾರಿಸಿದ 'ಬೇಬಿ' ಎಂಬ ಕಾದಾಟದ ಹಾರುದೋಣಿಯು ಇದೇ ಕಾರಣದಿಂದ ಸೇನೆಗೆ ಬೇಡವಾಯಿತು. ಎರಡನೆಯ ಮಹಾಯುದ್ಧದ ಬಳಿಕ, ೧೯೪೭ರಲ್ಲಿ, ಇಂಗ್ಲೆಂಡಿನ ಸಾಂಡರ್ಸ್-ರೋ ಸಂಸ್ಥೆಯು ಜೆಟ್ ಎಂಜಿನಿನ ಹಾರುದೋಣಿಯೊಂದನ್ನು ಕಾದಾಟಕ್ಕಾಗಿ ನಿರ್ಮಿಸಿತು. ಮೂರನ್ನು ಮಾತ್ರ ಮಾಡಿ ಕೈಬಿಟ್ಟರು. ಆ ಮಾರ್ಗವು ಮುಚ್ಚಿಹೋಯಿತು.

ಮಾರ್ಗವು ಮುಚ್ಚಿತು, ಆದರೆ ನಡೆದವರ ಕಾಲಿಗೆ ಬಂದ ಬಲವು ಹೋಗಲಿಲ್ಲ. ಎಂ. ೫ರ ಬಳಿಕ ಮಾಕ್ಕಿಯ ಕಾರ್ಖಾನೆಯಲ್ಲಿ ಅಲೆಸ್ಸಾಂಡ್ರೊ ಟೊನೀನಿ ಎಂ. ೭ನ್ನು ರಚಿಸಿದನು. ಅದರ ಒಂದು ರೂಪವು ೧೯೨೧ರಲ್ಲಿ ವೆನಿಸ್ ನಗರದಲ್ಲಿ ನಡೆದ ಶ್ನೈಡರ್ ಪಂದ್ಯವನ್ನು ಗೆದ್ದಿತು. ಮರುವರ್ಷ ಇಟಲಿಯ ನೇಪಲ್ಸಿನಲ್ಲಿ ಅದೇ ಪಂದ್ಯವನ್ನು ಗೆದ್ದುದು ಸೂಪರ್‌ಮರೀನಿನ 'ಸೀ ಲಯನ್', ಅಂದರೆ ಸೇನೆಯು ಬೇಡವೆಂದ 'ಬೇಬಿ'ಯ ವಂಶದ ಕುಡಿ. ಅದೇ ಕಾರ್ಖಾನೆಯಿಂದ ಮುಂದೆ 'ಸ್ಪಿಟ್‌ಫೈರ್' ಹುಟ್ಟಿತು. ೧೯೩೪ರ ಅಕ್ಟೋಬರಿನಲ್ಲಿ ಫ್ರಾಂಚೆಸ್ಕೊ ಅಜೆಲ್ಲೊ ಎಂಬವನು ಮಾಕ್ಕಿಯ ಎಂ.ಸಿ. ೭೨ ಎಂಬ ಜಲವಿಮಾನದಲ್ಲಿ ಗಂಟೆಗೆ ೭೦೯ ಕಿ.ಮೀ. ವೇಗವನ್ನು ಮುಟ್ಟಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿದನು. ಪರರ ದೋಣಿಯನ್ನು ಅಳತೆಪಟ್ಟಿ ಹಿಡಿದು ನಕಲು ಮಾಡಿದ ಕಾರ್ಖಾನೆಯು ಹತ್ತೊಂಬತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತು.

ಎರಡು ಆಕ್ಷೇಪಣೆಗಳು

ನಮ್ಮ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಇದು ಕಳವಲ್ಲವೆ? ವಿಯೆನ್ನಾದ ಎಂಜಿನಿಯರರ ಬುದ್ಧಿಯ ಫಲವನ್ನು ಇಟಲಿಯವರು ಕೇಳದೆ ಬಳಸಿಕೊಂಡುದು ನಿಜ. ಯುದ್ಧಕಾಲದಲ್ಲಿ ಎರಡು ಕಡೆಯವರೂ ಹೀಗೆಯೇ ಮಾಡುತ್ತಿದ್ದರೆಂಬುದು ಕಾರಣವಾಗಬಹುದೇ ಹೊರತು ಸಮರ್ಥನೆಯಾಗದು. ಶಾಂತಿಯ ಕಾಲದಲ್ಲಿ ಒಪ್ಪಿಗೆ ಪಡೆದು, ಸಲ್ಲತಕ್ಕ ಹಣವನ್ನು ಸಲ್ಲಿಸಿ ಕಲಿಯುವುದೇ ಧರ್ಮ. ಮಾಕ್ಕಿಯವರೂ ನ್ಯೂಪೋರ್ ವಿಷಯದಲ್ಲಿ ಹಾಗೆಯೇ ಮಾಡಿದ್ದರು. ವಿದ್ಯಾರ್ಥಿಯೂ ತನ್ನ ಮಾದರಿಯ ಪಕ್ಕದಲ್ಲಿ ಮೂಲ ಯಾರದೆಂದು ಬರೆದಿಡಲಿ. ಕಲಿತದ್ದನ್ನು ಒಪ್ಪಿಕೊಂಡವನು ಋಣವಂತನೇ ಹೊರತು ಕಳ್ಳನಲ್ಲ.

ಎರಡನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು: ನಕಲಿನ ಅಭ್ಯಾಸವು ಸೋಮಾರಿತನವನ್ನು ಬೆಳಸುವುದಿಲ್ಲವೆ? ಬೆಳಸುತ್ತದೆ; ಅದನ್ನು ನಾವು ಒಪ್ಪುತ್ತೇವೆ. ಎಷ್ಟೋ ಕಾರ್ಖಾನೆಗಳು ಒಂದೇ ನಕ್ಷೆಯನ್ನು ವರ್ಷಾನುವರ್ಷ ಒಪ್ಪಿಸುತ್ತ, 'ಹೇಗೆ ಮಾಡುವುದು' ಎಂಬುದನ್ನು ಬಲ್ಲರೂ 'ಏಕೆ ಹೀಗೆ' ಎಂಬುದನ್ನು ಅರಿಯದೆ ಉಳಿದುಬಿಡುತ್ತವೆ. ಗಣಿತದ ಪುಸ್ತಕದ ಕೊನೆಯಲ್ಲಿರುವ ಉತ್ತರವನ್ನು ನೋಡಿ ಬರೆದುಕೊಳ್ಳುವ ಹುಡುಗನೂ, ಅದೇ ಉತ್ತರವನ್ನು ನೋಡಿ ಲೆಕ್ಕವನ್ನು ಹಿಂದಿನಿಂದ ಬಿಡಿಸಿ ದಾರಿಯನ್ನು ಕಂಡುಕೊಳ್ಳುವ ಹುಡುಗನೂ ಉತ್ತರವನ್ನು ನೋಡಿದವರೇ. ಆದರೆ ಪರೀಕ್ಷೆಯ ದಿನ ಇಬ್ಬರ ಗತಿಯೂ ಬೇರೆ. ಆದುದರಿಂದ ನಕಲು ಮಾಡಿದೆಯಾ ಎಂದು ಕೇಳುವುದಕ್ಕಿಂತ ನಕಲಿನ ಮರುದಿನ ಏನು ಮಾಡಿದೆ ಎಂದು ಕೇಳುವುದು ಸರಿಯಾದ ಪ್ರಶ್ನೆ.

ನಮಗೆ ಸಂಬಂಧಿಸಿದ ಮಾತು

ಹಾರುದೋಣಿಯು ಕನ್ನಡನಾಡಿಗೆ ತೀರ ಅಪರಿಚಿತವಾದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲಿನಾ ಎಂಬ ಅಮೆರಿಕದ ದೊಡ್ಡ ಹಾರುದೋಣಿಗಳು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು. ೧೯೪೦ರಲ್ಲಿ ಸ್ಥಾಪಿತವಾಗಿದ್ದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಅವುಗಳ ದುರಸ್ತಿ ನಡೆಯುತ್ತಿತ್ತು. ಸಮುದ್ರವನ್ನೇ ಕಾಣದ ಊರಿನಲ್ಲಿ, ಪರರ ವಿಮಾನಗಳನ್ನು ಬಿಚ್ಚಿ ಕೂಡಿಸುತ್ತ ನಮ್ಮವರ ಕೈ ಪಳಗಿತು. ೧೯೫೧ರಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ. ೨ ಎಂಬ ತರಬೇತಿನ ವಿಮಾನವು ಅದೇ ಕಾರ್ಖಾನೆಯಿಂದ ಹಾರಿತು. ಮುಂದೆ ಇಂಗ್ಲೆಂಡಿನ 'ನ್ಯಾಟ್' ವಿಮಾನವನ್ನು ಒಪ್ಪಂದದಂತೆ ಇಲ್ಲಿ ಕಟ್ಟಿದರು. ಅದರ ಕುಂದುಗಳನ್ನು ಅನುಭವದಿಂದ ತಿಳಿದು ತಿದ್ದಿ, ೧೯೭೦ರ ದಶಕದಲ್ಲಿ 'ಅಜೀತ್' ಎಂಬುದನ್ನು ರೂಪಿಸಿದರು. ಇದು ಮಾಕ್ಕಿಯವರ ದಾರಿಯೇ.

ಆದರೆ ಮೇಲೆ ನೆನಪಿನಲ್ಲಿಡಿರೆಂದು ಕೋರಿದ ಮಾತಿಗೆ ಈಗ ಬರಬೇಕು. ೧೯೬೧ರ ಜೂನ್ ೧೭ರಂದು ಬೆಂಗಳೂರಿನಲ್ಲಿ 'ಮರುತ್' ಎಂಬ ಜೆಟ್ ಕಾದಾಟದ ವಿಮಾನವು ಮೊದಲ ಬಾರಿಗೆ ಹಾರಿತು. ಜರ್ಮನಿಯ ಕುರ್ಟ್ ಟಾಂಕ್ ಅವರ ಮಾರ್ಗದರ್ಶನದಲ್ಲಿ ನಮ್ಮ ಎಂಜಿನಿಯರರು ರಚಿಸಿದ ಅದರ ಒಡಲು ಸೊಗಸಾಗಿತ್ತು. ಅದಕ್ಕೆಂದು ಎಣಿಸಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನಿನ ತಯಾರಿಕೆಯನ್ನು ಇಂಗ್ಲೆಂಡಿನಲ್ಲಿಯೇ ಕೈಬಿಟ್ಟರು. ಕಡಿಮೆ ಶಕ್ತಿಯ ಎಂಜಿನಿನಿಂದಲೇ ತೃಪ್ತಿಪಡಬೇಕಾಯಿತು. ಶಬ್ದದ ವೇಗವನ್ನು ಮೀರಬೇಕೆಂಬ ಆಶೆಯು ಕೈಗೂಡಲಿಲ್ಲ. ಮಾಕ್ಕಿಯವರಿಗೆ ಒಡಲು ಪರರದು, ಎಂಜಿನು ತಮ್ಮದು; ನಮಗೆ ಒಡಲು ನಮ್ಮದು, ಎಂಜಿನು ಪರರದು. ಮಾಕ್ಕಿಯವರು ಎರಡೇ ವರ್ಷಗಳಲ್ಲಿ ಮುಂದೆ ಹೋದುದಕ್ಕೂ ನಮ್ಮ ಮರುತ್ ಅರ್ಧದಾರಿಯಲ್ಲಿ ನಿಂತುದಕ್ಕೂ ಇರುವ ವ್ಯತ್ಯಾಸದ ಒಂದು ದೊಡ್ಡ ಭಾಗವು ಇಲ್ಲಿದೆ. ಹಾಗೆಂದು ನಮ್ಮವರನ್ನು ಹಳಿಯುವುದು ನ್ಯಾಯವಲ್ಲ. ಯಾವುದನ್ನು ಇತರರಿಂದ ಪಡೆಯಬಹುದು, ಯಾವುದನ್ನು ತಾವೇ ಕಷ್ಟಪಟ್ಟು ಸಾಧಿಸಬೇಕು ಎಂಬ ವಿವೇಚನೆಯನ್ನು ಮಾತ್ರ ನಾವು ಇದರಿಂದ ಕಲಿಯಬೇಕು.

ವಿದ್ಯಾರ್ಥಿಗಳಿಗೆ ನಮ್ಮ ಮಾತು ಇಷ್ಟೇ. ಒಳ್ಳೆಯ ಯಂತ್ರವೊಂದು ಕಣ್ಣಿಗೆ ಬಿದ್ದರೆ ನಾಚದೆ ಅದನ್ನು ಬಿಚ್ಚಿರಿ, ಅಳೆಯಿರಿ, ಅದರಂತೆಯೇ ಒಂದನ್ನು ಮಾಡಿರಿ. ಮಾಡುವಾಗ ಪ್ರತಿಯೊಂದು ಭಾಗವನ್ನೂ 'ನೀನು ಇಲ್ಲಿ ಏಕಿರುವೆ?' ಎಂದು ಕೇಳಿರಿ. ಹಾರುದೋಣಿಯ ತಳದ ಮೆಟ್ಟಿಲನ್ನು ಕಂಡವರೆಲ್ಲರೂ ನಕಲು ಮಾಡಬಲ್ಲರು. ಅದು ಅಲ್ಲಿ ಏಕಿದೆಯೆಂದು ಅರಿತವನು ಮಾತ್ರ ಅದನ್ನು ಸರಿಸಬಲ್ಲನು. ಮುಂದಿನ ಪ್ರದರ್ಶನದಲ್ಲಿ ಯಾರಾದರೂ "ಇದರಲ್ಲಿ ನಿನ್ನದೇನಿದೆ?" ಎಂದು ಕೇಳಿದರೆ ತಲೆ ತಗ್ಗಿಸಬೇಕಾದುದಿಲ್ಲ. "ಮೊದಲನೆಯದು ಅವರದು, ಇಲ್ಲಿ ಇದನ್ನು ಬದಲಿಸಿದ್ದೇನೆ, ಬದಲಿಸಿದುದಕ್ಕೆ ಕಾರಣ ಇದು" ಎಂದು ಉತ್ತರ ಕೊಡುವಂತಾಗಲಿ. ಆ ಉತ್ತರವನ್ನು ಕೊಡಬಲ್ಲವನ ವಿದ್ಯೆಯು ಅವನ ಸ್ವಂತದ್ದೇ.